ತಿರುಗುವ ಮನೆಯ ಮೇಲೆ ಪಾರಿವಾಳದ ಗೂಡು

ಮದುವೆಗೆ ನಾನು ಹಾಕಿದ್ದು ಒಂದೇ ಷರತ್ತು. ಚಿನ್ನ ಬೇಡ, ಸೀರೆ ಎಂಥದಾದರೂ ಸರಿ, ಆದರೆ ನನ್ನ ಜೊತೆ ಎಂಟು ಪಾರಿವಾಳ ಬರುತ್ತವೆ, ಅವಕ್ಕೆ ಮಾಳಿಗೆಯ ಮೇಲೆ ಗೂಡು ಕಟ್ಟಿಸಿಕೊಡಬೇಕು. ಹೆಣ್ಣು ನೋಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಚಿಕ್ಕಪ್ಪ ಹಲ್ಲು ಕಡಿಯುವ ಸದ್ದು ನನ್ನ ತನಕ ಕೇಳಿಸಿತು. ಗಂಡು ಮಾತ್ರ ಅಲ್ಲಿಯವರೆಗೆ ತನ್ನ ಉಗುರಿನ ಸಂದಿಯ ಎಣ್ಣೆಗಪ್ಪನ್ನೇ ನೋಡುತ್ತ ಕೂತಿದ್ದವನು ತಲೆ ಎತ್ತಿ, "ಕಟ್ಟಿಸೂಣಂತ, ಅದಕ್ಕೇನು" ಅಂದ. ಸೈಕಲ್ ರಿಪೇರಿ ಅಂಗಡಿಯ ಸಿದ್ರಾಮ. ಆ ಒಂದು ಮಾತಿಗೇ ನಾನು ಒಪ್ಪಿಬಿಟ್ಟೆ. ಎದುರಿಗೆ ನಾನು ಅವನನ್ನು ‘ರೀ’ ಎಂದೇ ಕರೆಯುವುದು. ಬೆನ್ನ ಹಿಂದೆ ಕತೆ ಹೇಳುವಾಗ ಅಷ್ಟು ಮರ್ಯಾದೆ ಯಾಕೆ? ಅವರ ಊರಿನಲ್ಲಿ ಮನೆಗಳು ತಿರುಗುತ್ತವೆ ಎಂಬುದರ ಬಗ್ಗೆ ಅವತ್ತು ಯಾರೂ ಬಾಯಿ ಬಿಡಲಿಲ್ಲ. ಮದುವೆಯಾದ ಮೇಲೆ ಜಗಳ ತೆಗೆದರೆ ಅವನು ಬೆಪ್ಪಾಗಿ, "ಅದರಾಗ ಹೇಳೂದೇನೈತಿ ಕಸ್ತೂರಿ? ನಿಮ್ಮೂರಾಗ ಮನಿ ತಿರುಗಂಗಿಲ್ಲಂತ ನೀ ನಮಗ ಹೇಳಿದ್ದೇನು?" ಅಂದ.

ಊರಿನ ಮನೆಗಳೆಲ್ಲ ತಿರುಗುತ್ತವೆ, ಒಂದೊಂದೂ ತನ್ನ ತನ್ನ ಮರ್ಜಿಯಲ್ಲಿ. ನಮ್ಮದು ಒಂಬತ್ತು ದಿನಕ್ಕೆ ಒಂದು ಸುತ್ತು. ಗಡಿಯಾರದ ಚಿಕ್ಕ ಮುಳ್ಳು ಓಡುವುದು ಹೇಗೆ ಕಾಣುವುದಿಲ್ಲವೋ ಹಾಗೆ ಇದೂ ಕಾಣುವುದಿಲ್ಲ. ಬಾಗಿಲು ಇವತ್ತು ಬಸ್‌ಸ್ಟ್ಯಾಂಡಿನ ಕಡೆಗಿದ್ದರೆ ನಾಲ್ಕು ದಿನ ಬಿಟ್ಟು ಕೆರೆಯ ಕಡೆಗಿರುತ್ತದೆ. ಪೋಸ್ಟಿನವನು ಪ್ರತಿ ಮನೆಗೂ ಒಂದು ಸುತ್ತು ಹಾಕಿ ಬಾಗಿಲು ಹುಡುಕಿಕೊಳ್ಳುತ್ತಾನೆ. ಪಕ್ಕದ ಮನೆಯ ಮೆಹಬೂಬಿ ಬಟ್ಟೆ ಹೊಲಿಯುವವಳು. ಅವಳ ಮನೆ ಐದೇ ದಿನಕ್ಕೆ ಸುತ್ತು ಮುಗಿಸುತ್ತದೆ. ಅವಳ ಅಡುಗೆಮನೆಯ ಕಿಟಕಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾದ ದಿನ ಇಬ್ಬರಿಗೂ ಹಬ್ಬ, ಕೂಡಿಟ್ಟ ಮಾತೆಲ್ಲ ಒಂದೇ ಮಧ್ಯಾಹ್ನ ಖಾಲಿ. ಜಗಳಕ್ಕೂ ಹೀಗೇ ದಿನ ಕಾಯಬೇಕಾಗುವುದರಿಂದ ಅಷ್ಟರೊಳಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಮೂಡಣ, ಪಡುವಣ ಎಂಬ ಮಾತು ಇಲ್ಲಿಯವರ ಬಾಯಲ್ಲಿ ಬರುವುದೇ ಇಲ್ಲ. ಎಲ್ಲವೂ ಅಡುಗೆಮನೆ ಕಡೆ, ಬಾಗಿಲ ಕಡೆ, ಹಿತ್ತಿಲ ಕಡೆ. ಮನೆ ಯಾಕೆ ತಿರುಗುತ್ತದೆ ಎಂದು ನಾನೊಮ್ಮೆ ಅತ್ತೆಯನ್ನು ಕೇಳಿದೆ. ನೀರು ಯಾಕೆ ಒದ್ದೆ ಎಂದು ಕೇಳಿದವಳನ್ನು ನೋಡುವ ಹಾಗೆ ನೋಡಿ, "ಬ್ಯಾಳಿ ಬೆಂದಾವೇನು ನೋಡು" ಅಂದರು.

ಇನ್ನು ಪಾರಿವಾಳದ ವಿಷಯ. ಅವು ನಮ್ಮಪ್ಪನ ಪಾರಿವಾಳ. ಮೂವತ್ತು ವರ್ಷ ಒಂದೇ ತಳಿಯನ್ನು ಕಾಪಾಡಿಕೊಂಡು ಬಂದ ಮನುಷ್ಯ ಅವನು. ಬೂದಿ ಬಣ್ಣ, ಕತ್ತಿನಲ್ಲಿ ಹಸಿರು ಹೊಳಪು, ಕಾಲಿನ ಬೆರಳ ತನಕ ಪುಕ್ಕ. ಹಾರಲು ಬಿಟ್ಟರೆ ಕಣ್ಣಿಗೆ ಕಾಣದಷ್ಟು ಮೇಲೇರಿ ತಾಸುಗಟ್ಟಲೆ ಅಲ್ಲೇ ಇರುತ್ತಿದ್ದವು. ಅಪ್ಪ ಮಾಳಿಗೆಯ ಮೇಲೆ ಅಂಗಾತ ಮಲಗಿ, ನಾನು ಪಕ್ಕದಲ್ಲಿ ಮಲಗಿ, ಯಾರು ಮೊದಲು ನೋಡುತ್ತೇವೆ ಎಂದು ಪಂದ್ಯ. ಅಪ್ಪ ಹೋದ ಮೇಲೆ ಚಿಕ್ಕಪ್ಪ ಸಂತೆಗೆ ಒಯ್ಯಲು ಬುಟ್ಟಿ ತುಂಬಿಸಿದ. ನಾನು ಅತ್ತು ಕರೆದು ಎಂಟನ್ನು ಉಳಿಸಿಕೊಂಡೆ. ನಾಲ್ಕು ಗಂಡು, ನಾಲ್ಕು ಹೆಣ್ಣು. ಅದರಲ್ಲಿ ಒಂದು ಹೆಣ್ಣಿಗೆ ಬಹಳ ಸೊಕ್ಕು, ಉಳಿದವು ತಿಂದು ಸರಿದ ಮೇಲೇ ಕಾಳಿಗೆ ಬರುತ್ತಿತ್ತು. ಅದಕ್ಕೆ ನಾನಿಟ್ಟ ಹೆಸರು ಗೌಡತಿ. ಈ ಎಂಟೂ ಹಾರಿ ಹೋದರೆ ಭೂಮಿಯ ಮೇಲೆ ಅಪ್ಪನ ತಳಿ ಮುಗಿಯಿತು. ಹಾರಿಸದೆ ಕೂಡಿಹಾಕೋಣ ಎಂದರೆ ಅದೂ ಆಗುವುದಿಲ್ಲ. ಹಾರದ ಪಾರಿವಾಳ ಕೊಳೆಯುತ್ತದೆ.

ಬಂದ ದಿನವೇ ಅತ್ತೆ ಶಿವಗಂಗವ್ವ ಪಾರಿವಾಳದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ತಲೆಯಾಡಿಸಿದರು. "ಈ ಊರಾಗ ಪಾರಿವಾಳ ನಿಂದ್ರಂಗಿಲ್ಲವಾ. ನಮ್ಮಣ್ಣ ಹದಿನೆಂಟು ತಂದಿದ್ದ. ಮೂರು ದಿನಾ ಇಟಕೊಂಡ, ನಾಕನೇ ದಿನಾ ಬಿಟ್ಟ. ಅವು ಹೋಗೂವಾಗ ಬಾಗ್ಲಾ ಗುಡ್ಡದ ಕಡೆ ಇತ್ತು, ತಿರುಗಿ ಬರೂದ್ರಾಗ ಸರದಿತ್ತು. ಗ್ವಾಡಿಗೆ ಬಡಕೊಂಡು ಬಡಕೊಂಡು ಎತ್ತಲೋ ಹೋದ್ವು. ನಮ್ಮಣ್ಣ ಒಂದು ವಾರ ಉಣಲಿಲ್ಲ."

ಗೂಡು ಆಗುವ ತನಕ ಪೆಟ್ಟಿಗೆಯನ್ನು ಎಲ್ಲಿಡುವುದು? ಮಾಳಿಗೆಯ ಮೇಲೆ, ಅಡುಗೆಮನೆ ಕಡೆಯ ಅಂಚಿನಲ್ಲಿ, ಜಾಲರಿ ಹೊರಮುಖವಾಗಿ ಇಡು ಎಂದರು ಅತ್ತೆ. ಮನೆಯ ಕಟ್ಟೆಗೇ ಕೂರಿಸಿ ಮನೆಯ ಜೊತೆಗೇ ತಿರುಗುವ ಬಟ್ಟೆ ಒಗೆಯುವ ಕಲ್ಲು ಅದರ ಕೆಳಗೇ ಇರುವುದರಿಂದ ಬೆಕ್ಕು ಬಂದರೆ ಕಾಣುತ್ತದೆ ಎಂಬ ಲೆಕ್ಕ. ಹಾಗೇ ಇಟ್ಟೆ. ಅತ್ತೆ ಒಗೆಯುತ್ತ ಕೆಳಗಿನಿಂದ ಬೈಯುವುದು, ಮೇಲಿನಿಂದ ಅವು ಗುಟುರುವುದು, ದಿನವಿಡೀ ನಡೆಯಿತು.

ನಾನು ಗೂಡಿನ ಯೋಚನೆಯಲ್ಲಿ ಊಟ ನಿದ್ದೆ ಬಿಟ್ಟೆ. ಗೂಡಿನ ಬಾಗಿಲು ಹುಟ್ಟುವ ಸೂರ್ಯನ ಕಡೆಗೇ ಇರಬೇಕು ಎಂಬುದು ಅಪ್ಪನ ಕಟ್ಟಳೆ. ಬೆಳಗಿನ ಬಿಸಿಲು ಒಳಗೆ ಬಿದ್ದರೆ ಹಕ್ಕಿಗೆ ರೋಗ ಹತ್ತುವುದಿಲ್ಲ, ಬಾಗಿಲು ಎಲ್ಲಿದೆ ಎಂಬ ಗುರುತೂ ಅಳಿಯುವುದಿಲ್ಲ. ಒಂಬತ್ತು ದಿನಕ್ಕೊಮ್ಮೆ ಲೋಕ ಸುತ್ತುವ ಮಾಳಿಗೆಯ ಮೇಲೆ ಮೂಡಣವನ್ನು ಹಿಡಿದು ನಿಲ್ಲಿಸುವುದು ಹೇಗೆ? ಒಂದು ಮುಂಜಾನೆ ಹಕ್ಕಿಗಳಿಗೆಂದು ಮೆಕ್ಕೆಜೋಳದ ನುಚ್ಚು ಬೀಸುತ್ತಿದ್ದೆ. ಬೀಸುಕಲ್ಲಿನ ಗೂಟ ಹಿಡಿದ ಕೈ ಹಾಗೇ ನಿಂತಿತು. ಮೇಲಿನ ಕಲ್ಲನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕೆಳಗಿನ ಕಲ್ಲನ್ನು ಕಾಲಿನಿಂದ ಒದ್ದೆ. ಕೆಳಗಿನದು ತಿರುಗಿತು. ಮೇಲಿನದು ಇದ್ದಲ್ಲೇ ಇತ್ತು! ನುಚ್ಚು ಅಡುಗೆಮನೆ ತುಂಬ ಚೆಲ್ಲಿತು. "ರೀ! ರೀ! ಬರ್ರಿ ಇಲ್ಲೆ!" ಎಂದು ನಾನು ಕೂಗಿದ ರಭಸಕ್ಕೆ ಸಿದ್ರಾಮ ಹಲ್ಲುಜ್ಜುವ ಬ್ರಷ್ ಬಾಯಲ್ಲಿ ಕಚ್ಚಿಕೊಂಡೇ ಓಡಿ ಬಂದ. ನಾನು ಮತ್ತೆ ಒದ್ದು ತೋರಿಸಿದೆ. ಅವನ ಕಣ್ಣು ಅರಳಿತು. ನೊರೆ ಉಗಿದು ಬಂದು ಅವನು ಹೇಳಿದ್ದು ಒಂದೇ ಮಾತು: "ನಡುವ ಬೇರಿಂಗ್ ಗುಂಡು ಹಾಕೂಣ."

ಅವತ್ತೇ ಬಡಿಗ ಮಾನಪ್ಪ ಕಾಕಾನನ್ನು ಕರೆಸಿದೆವು. ಅರವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು, ಮಾತಿಗೊಮ್ಮೆ ಮೂಗು ಸೇದುವ ಅಭ್ಯಾಸ. ನಾನು ಮಾಳಿಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೂಡಿನ ನಕ್ಷೆ ಬರೆದು ಹೇಳಿದೆ, "ಮನಿ ಬೇಕಾದಂಗ ತಿರುಗಲಿ ಕಾಕಾ, ಗೂಡು ತಿರುಗಬಾರ್ದು."

"ತಿರುಗದ ಗೂಡೇನು?" ಅವರು ಮೂಗು ಸೇದುವುದನ್ನೂ ಮರೆತರು. "ನಲವತ್ತು ವರ್ಷ ಆತು ತಂಗಿ ಉಳಿ ಹಿಡದು. ನಿಂತ ಸಾಮಾನು ಮಾಡಿಕೊಡು ಅಂತ ಈ ಊರಾಗ ನನ್ನ ಯಾರೂ ಕೇಳಿಲ್ಲ." ಸ್ವಲ್ಪ ಹೊತ್ತು ನಕ್ಷೆಯ ಸುತ್ತ ಓಡಾಡಿ, ಆಮೇಲೆ ಒಮ್ಮೆಲೇ ಹುರುಪೇರಿ ಪೆನ್ಸಿಲ್ಲು ತೆಗೆದರು. "ಹೇಳು. ಉದ್ದ ಎಷ್ಟು?"

ಉದ್ದ ಆರಡಿ, ಅಗಲ ನಾಲ್ಕಡಿ, ಎತ್ತರ ನಾನು ಬಗ್ಗದೆ ಒಳಗೆ ನಿಲ್ಲುವಷ್ಟು. ಗೂಡು ಕಟ್ಟುವವರು ಎತ್ತರದಲ್ಲಿ ಜಿಪುಣತನ ಮಾಡಬಾರದು, ಬಗ್ಗಿ ಕಸ ತೆಗೆಯಬೇಕಾದ ಗೂಡಿನಲ್ಲಿ ಕಸ ಉಳಿಯುತ್ತದೆ ಎನ್ನುತ್ತಿದ್ದ ಅಪ್ಪ. ಒಂದು ಗೋಡೆಗೆ ಎಂಟು ಖಾನೆ, ಒಂದೊಂದು ಒಂದೂವರೆ ಗೇಣು. ಎದುರು ಗೋಡೆಗೆ ಕೂರುವ ಹಲಗೆಗಳು, ಒಂದರ ಮೇಲೆ ಒಂದು ಬರದಂತೆ. ಮೇಲೆ ಕೂತವನು ಕೆಳಗಿನವನ ಬೆನ್ನ ಮೇಲೆ ಹಿಕ್ಕೆ ಹಾಕಬಾರದಲ್ಲ. ಗಾಳಿ ಆಡಲು ಸೂರಿನ ಕೆಳಗೆ ಸಂದು, ಗಾಳಿ ನೇರ ಮೈಗೆ ಬಡಿಯದಂತೆ ಅದಕ್ಕೊಂದು ಮರೆ. ಇಲಿ ಹತ್ತದಂತೆ ಕಾಲಿಗೆಲ್ಲ ತಗಡು. ಬಾಗಿಲಿನ ಮುಂದೆ ಹಕ್ಕಿ ಬಂದು ಇಳಿಯಲು ಒಂದು ಹಲಗೆ, ಬಾಗಿಲಿಗೆ ತೂಗಾಡುವ ತಂತಿ ಕಡ್ಡಿಗಳು. ಹೊರಗಿನಿಂದ ಎದೆಯಲ್ಲಿ ತಳ್ಳಿದರೆ ಒಳಗೆ ಬಿಡುತ್ತವೆ, ಒಳಗಿನಿಂದ ತಳ್ಳಿದರೆ ಬಿಡುವುದಿಲ್ಲ. ಇದನ್ನು ಕೇಳಿ ಮಾನಪ್ಪ ಕಾಕಾ, "ಇಂಥಾದ್ದೊಂದು ನನ್ನ ಅಳಿಯಗ ಮಾಡಿಸಬೇಕಾಗಿತ್ತು" ಎಂದು ಬಿದ್ದು ಬಿದ್ದು ನಕ್ಕರು.

ಮಾಳಿಗೆಯ ನಟ್ಟನಡುವೆ ಹಳೆಯ ಬೀಸುಕಲ್ಲಿನ ಒಂದು ಕಲ್ಲನ್ನು ಗಾರೆ ಹಾಕಿ ಕೂರಿಸಿದೆವು. ಸಿದ್ರಾಮ ಅದರ ಮೇಲೆ ದುಂಡಗೆ ತೋಡು ಕೊರೆದು, ಅಂಗಡಿಯಲ್ಲಿದ್ದ ಬೇರಿಂಗ್ ಗುಂಡುಗಳನ್ನೆಲ್ಲ ಸುರಿದು, ಗ್ರೀಸ್ ಮೆತ್ತಿ, ಮೇಲೆ ಇನ್ನೊಂದು ಕಲ್ಲು ಕವುಚಿದ. ಗೂಡಿನ ನಡುಮಧ್ಯ ಆ ಕಲ್ಲಿನ ಮೇಲೆ. ನಾಲ್ಕು ಮೂಲೆಗೆ ಮಕ್ಕಳ ಸೈಕಲ್ಲಿನ ನಾಲ್ಕು ಗಾಲಿ. ಇಷ್ಟಕ್ಕೆಲ್ಲ ಹಿಡಿದದ್ದು ಒಂದು ತಿಂಗಳ ಮೇಲೆ ಹದಿನಾರು ದಿನ. ಮಾನಪ್ಪ ಕಾಕಾ ಪ್ರತಿ ಮೊಳೆಗೂ ಅಡುಗೆಮನೆ ಕಡೆಯಿಂದ ಎಷ್ಟು ಅಡಿ, ಬಾಗಿಲ ಕಡೆಯಿಂದ ಎಷ್ಟು ಅಡಿ ಎಂದು ಅಳೆಯುವರು. ನಾನು ಪ್ರತಿ ಸಲವೂ ಮೂಡಣ, ಪಡುವಣ ಎಂದು ತಿದ್ದುವೆ. ಅತ್ತೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತ ಕೇಳಿಸಿಕೊಳ್ಳುವರು.

"ಅಡುಗಿಮನಿ ಕಡೆ ಬಾಗ್ಲಾ ಇಟ್ಟು ಮುಗಸು ಕಸ್ತೂರಿ," ಎಂದರು ಒಂದು ದಿನ. "ಈ ಊರಾಗ ಮಂದಿ ದಾರಿ ತಪ್ಪಿದ್ರ ಅಡುಗಿಮನಿ ನೋಡೇ ಮನಿಗೆ ಬರ್ತಾರ. ದನಾನೂ ಹಂಗ."

"ಇವು ದನ ಅಲ್ರಿ ಅತ್ತಿ. ನಮ್ಮಪ್ಪನ ಪಾರಿವಾಳ. ಮೂಡಣ ಅಂದ್ರ ಮೂಡಣ."

ಅವರು ಸೊಪ್ಪಿನ ಕಡ್ಡಿ ಮುರಿದ ರೀತಿಯಲ್ಲೇ ಉತ್ತರ ಇತ್ತು.

ಗೂಡಿಗೆ ಸುಣ್ಣ ಬಳಿದು ಒಣಗಿಸಿ ಎಂಟನ್ನೂ ಒಳಗೆ ಬಿಟ್ಟ ದಿನ ನನ್ನ ಸಂಭ್ರಮ ಹೇಳತೀರದು. ಒಳಗೆ ನಾನೇ ಹೋಗಿ ಒಂದು ತಾಸು ಕೂತಿದ್ದೆ. ಗುಂಡುಗಳ ಮೇಲಿದ್ದರೂ ಗೂಡು ಮನೆಯ ಜೊತೆ ಸರಿಯುತ್ತಿದ್ದುದರಿಂದ, ಆಮೇಲೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಅದನ್ನು ಹಿಂದಕ್ಕೆ ತಳ್ಳುವ ಕೆಲಸ. ಗುಡ್ಡ ಇದ್ದಲ್ಲೇ ಇರುತ್ತದೆ, ಗುಡ್ಡದ ನೆತ್ತಿಯಲ್ಲೇ ಸೂರ್ಯ ಹುಟ್ಟುತ್ತಾನೆ. ಬಾಗಿಲು ಗುಡ್ಡಕ್ಕೆ ನೇರ ಬಂದ ಕೂಡಲೇ, ಗಾಳಿಗೆ ಹೊರಳದಂತೆ, ಗೂಡಿನ ಕಾಲನ್ನು ಹಗ್ಗದಿಂದ ಮಾಳಿಗೆಯ ಕೊಂಡಿಗೆ ಬಿಗಿಯುತ್ತಿದ್ದೆ. ಒಂದು ಕೈಯಲ್ಲಿ ತಳ್ಳಿದರೂ ಸಾಕು, ಗೂಡು ಬೆಣ್ಣೆಯಂತೆ ಸರಿಯುತ್ತಿತ್ತು. ಓಣಿಯವರೆಲ್ಲ ಬಂದು ತಳ್ಳಿ ನೋಡಿ ಹೋದರು. ನಿಂತದ್ದನ್ನು ಕಂಡೇ ಅರಿಯದ ಜನ. ಕೆಲವರು ಗೂಡನ್ನು ನೋಡುತ್ತಾ ನಿಂತರೆ ತಲೆ ಸುತ್ತುತ್ತದೆ ಎಂದು ಕಣ್ಣು ಮುಚ್ಚಿಕೊಂಡರು.

ಆದರೆ ಏಳನೆಯ ದಿನ ಗೌಡತಿ ತನ್ನ ಎದೆಯ ಪುಕ್ಕ ತಾನೇ ಕಿತ್ತುಕೊಳ್ಳುವುದನ್ನು ನೋಡಿದೆ. ನೆಲದ ಮೇಲೆ ಹಿಡಿಯಷ್ಟು ಬೂದಿ ಪುಕ್ಕ. ಇನ್ನು ಕೂಡಿಡುವುದು ಸಾಧ್ಯವಿರಲಿಲ್ಲ. ಮರುದಿನ ಭಾನುವಾರ. ಬಿಡುವುದೆಂದು ತೀರ್ಮಾನಿಸಿದೆ.

ಬೆಳಿಗ್ಗೆ ಎಂಟು ಗಂಟೆಗೆ ಮಾಳಿಗೆ ಮಾಳಿಗೆಯ ಮೇಲೂ ಜನ. ಅವತ್ತು ನಮ್ಮ ಅಡುಗೆಮನೆ ಗುಡ್ಡಕ್ಕೆ ಬೆನ್ನು ಮಾಡಿ ಪಡುವಣಕ್ಕೆ ಸರಿದಿತ್ತು. ಗೂಡಿನ ಬಾಗಿಲು ಮಾತ್ರ ಗುಡ್ಡಕ್ಕೆ ನೇರವಾಗಿ, ಅಪ್ಪ ನೋಡಿದ್ದರೆ ಬೆನ್ನು ತಟ್ಟುವಷ್ಟು ನೇರವಾಗಿ ನಿಂತಿತ್ತು. ನಾನು ಕಡ್ಡಿಗಳನ್ನು ಎತ್ತಿ ಹಿಡಿದೆ. ಮೊದಲು ಯಾವುದೂ ಹೊರಗೆ ಬರಲಿಲ್ಲ. ಆಮೇಲೆ ಗೌಡತಿ ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟು, ಆಕಡೆ ಈಕಡೆ ಕತ್ತು ಕೊಂಕಿಸಿ, ಫಡ್ ಎಂದು ಎದ್ದಿತು. ಹಿಂದೆಯೇ ಏಳು. ಓಣಿಯೆಲ್ಲ ಹೋ ಎಂದು ಕೂಗಿತು. ಎಂಟೂ ಮನೆಯ ಮೇಲೆ ಎರಡು ಸುತ್ತು ಹೊಡೆದು, ಏರಿ, ಇನ್ನೂ ಏರಿ, ಕೆರೆಯ ಮೇಲೆ ಚುಕ್ಕೆಗಳಾಗಿ, ಮಾಯವಾದವು. ನಾನು ಮಾಳಿಗೆಯ ಮೇಲೆ ಅಂಗಾತ ಮಲಗಿಬಿಟ್ಟೆ. ಮದುವೆಯಾಗಿ ಇಷ್ಟು ದಿನಗಳಲ್ಲಿ ಅಷ್ಟು ಖುಷಿಯಾಗಿದ್ದು ಅದೇ ಮೊದಲು.

ಒಂದು ತಾಸು ಕಳೆಯಿತು. ಸಿದ್ರಾಮನೇ ಮೊದಲು ನೋಡಿದ. "ಬಂದ್ವು! ಬಂದ್ವು ನೋಡು!" ಎಂಟು ಚುಕ್ಕೆ. ನಾನು ಜೋಳದ ಡಬ್ಬಿ ಅಲ್ಲಾಡಿಸುತ್ತ, "ಆವ್, ಆವ್" ಎಂದು ಅಪ್ಪನ ಹಾಗೆ ಕರೆದೆ. ಅವು ರೆಕ್ಕೆ ಮಡಚಿ ಇಳಿದವು, ಮಾಳಿಗೆಯ ತನಕ ಬಂದವು, ಬಾಗಿಲಿನ ಮುಂದಿನಿಂದಲೇ ಹಾದು ಗೂಡಿನ ಹಿಂದಕ್ಕೆ ಹೋದವು. ಅಲ್ಲಿ ಬರೀ ಹಲಗೆಯ ಗೋಡೆ. ಅದಕ್ಕೆ ರೆಕ್ಕೆ ಬಡಿದು ಮತ್ತೆ ಮೇಲೆದ್ದವು. ಇನ್ನೊಂದು ಸುತ್ತು, ಮತ್ತೆ ಅದೇ ಹಿಂದಿನ ಗೋಡೆ. ನಾನು ಬಾಗಿಲ ಕಡೆ ನಿಂತು ಕಾಳು ಎರಚುತ್ತಿದ್ದೇನೆ, ಕಣ್ಣೆದುರೇ ಬಾಗಿಲಿದೆ, ಹಾದು ಹೋಗುತ್ತಿವೆ! ಗಂಟಲು ಹರಿಯುವ ಹಾಗೆ ಕೂಗಿದೆ. ಮೂರನೆಯ ಸಲ ಅವು ಮೇಲೆದ್ದಾಗ ಗುಡ್ಡದ ಕಡೆಯಿಂದ ಗಿಡುಗವೊಂದು ಬಂತು. ಎಂಟೂ ಚೆಲ್ಲಾಪಿಲ್ಲಿಯಾದವು.

ಓಣಿಯವರು ಗೂಡಿನಿಂದ ಮುಖ ತಿರುಗಿಸಿದರು. ಅವರೆಲ್ಲ ಇದನ್ನು ಹಿಂದೆ ನೋಡಿದವರು.

ಮೆಹಬೂಬಿ ತನ್ನ ಮಾಳಿಗೆಯಿಂದ ಚೀರಿದಳು. "ಏ ಕಸ್ತೂರಿ! ಅಡುಗಿಮನಿ ಕಡೆ ಬಾಗ್ಲಾ ಹುಡುಕಾಕತ್ತಾವ ಅವು! ಒಗಿಯೋ ಕಲ್ಲಿನ ಮ್ಯಾಲೇ ಸುತ್ತಾಕತ್ತಾವ ನೋಡ!"

ನೋಡಿದೆ. ಚೆದುರಿದವುಗಳಲ್ಲಿ ಮೂರು ನಾಲ್ಕು ಆಗಲೇ ಒಗೆಯುವ ಕಲ್ಲಿನ ನೇರಕ್ಕೆ, ನಲವತ್ತಾರು ದಿನ ಪೆಟ್ಟಿಗೆ ಇದ್ದ ಆ ಅಂಚಿಗೆ ಬಂದು ಬಂದು ಹೋಗುತ್ತಿದ್ದವು. ಒಮ್ಮೆಲೇ ನನಗೆ ಎಲ್ಲ ಹೊಳೆಯಿತು. ಗೂಡು ಆಗುವ ತನಕ ಅವು ಆ ಜಾಲರಿಯ ಹಿಂದೆ ಮನೆಯ ಜೊತೆ ಐದು ಸುತ್ತು ಸುತ್ತಿದ್ದವು. ಗುಡ್ಡ ಬಂತು, ಹೋಯಿತು. ಕೆರೆ ಬಂತು, ಹೋಯಿತು. ಸೂರ್ಯ ಎಲ್ಲೆಲ್ಲೋ ಹುಟ್ಟಿದ. ಕದಲದೆ ಕಣ್ಣ ಮುಂದೆ ಇದ್ದದ್ದು ಕೆಳಗಿನ ಒಗೆಯುವ ಕಲ್ಲು ಮತ್ತು ಅತ್ತೆಯ ಬೈಗುಳ ಎರಡೇ. ಅತ್ತೆಯ ಅಣ್ಣನ ಪಾರಿವಾಳಗಳಿಗೆ ಮೂರು ದಿನದಲ್ಲಿ ಇದು ತಿಳಿಯಲು ಸಾಧ್ಯವಿರಲಿಲ್ಲ. ನನ್ನವಕ್ಕೆ ತಿಳಿದಿತ್ತು. ನಾನೇ ಅವುಗಳ ಬಾಗಿಲನ್ನು ಕಿತ್ತು ಗುಡ್ಡಕ್ಕೆ ಕಟ್ಟಿದ್ದೆ.

"ಹಗ್ಗ ಕೊಯ್ರಿ!" ಎಂದು ಸಿದ್ರಾಮನಿಗೆ ಕೂಗಿದೆ. ಬಿಗಿದ ಗಂಟು ಬಿಚ್ಚಲು ಬರುವಂತಿರಲಿಲ್ಲ. ಅವನು ಕೆಳಗಿನಿಂದ ಕುಡುಗೋಲು ತರಲು ಓಡಿದ, ತಂದು ಕೊಯ್ದ, ಕುಡುಗೋಲು ಹಿಡಿದೇ ಅಂಚಿಗೆ ಓಡಿ, ಗೂಡಿಗೆ ಹೊಡೆದು ಉಳಿದಿದ್ದ ತಗಡು ಬಡಿಯುತ್ತ ಗಿಡುಗವನ್ನು ಬೆದರಿಸತೊಡಗಿದ. ನಾನು ಗೂಡಿಗೆ ಹೆಗಲು ಕೊಟ್ಟು ತಳ್ಳಿದೆ. ದಿನವೂ ಒಂದು ಕೈಗೆ ಸರಿಯುತ್ತಿದ್ದ ಗೂಡು ಅರ್ಧ ದಾರಿಯಲ್ಲಿ ಕಚ್ಚಿ ನಿಂತಿತು. ಕೊಯ್ದ ಹಗ್ಗದ ತುಂಡು ಗಾಲಿಗೆ ಸುತ್ತಿಕೊಂಡಿತ್ತು. ಎಳೆದೆ, ಬರಲಿಲ್ಲ. ತಳ್ಳಿದೆ, ಜಗ್ಗಲಿಲ್ಲ. ಮೇಲೆ ನೋಡಿದರೆ ಗಿಡುಗ ಒಂದರ ಬೆನ್ನು ಹತ್ತಿದೆ. ನಾನು ಅಳುತ್ತಲೇ ತಳ್ಳುತ್ತಿದ್ದೆ. ಅಪ್ಪಾ, ಅಪ್ಪಾ ಎಂದು ಬಾಯಲ್ಲಿ ಬರುತ್ತಿತ್ತು.

ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಅತ್ತೆ. ಮೊಣಕೈ ತನಕ ಸಾಬೂನಿನ ನೊರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು. ನನ್ನ ಪಕ್ಕ ಬಂದು ಹೆಗಲು ಕೊಟ್ಟರು. "ನೂಕು!" ಅಂದರು. ನೂಕಿದೆವು. ಹಗ್ಗ ಹರಿದ ಸದ್ದು ಕೇಳಿತು, ಗೂಡು ಒಮ್ಮೆಲೇ ಹೊರಳಿ, ಇಬ್ಬರೂ ಮಂಡಿಯ ಮೇಲೆ ಬಿದ್ದೆವು. ಬಿದ್ದಲ್ಲಿಂದಲೇ ನೋಡಿದೆ: ಬಾಗಿಲು ಅಡುಗೆಮನೆ ಕಡೆಗೆ ಬಂದು ನಿಂತಿತ್ತು.

ಮೊದಲನೆಯದು ಇಳಿದು ಹಲಗೆಯ ಮೇಲೆ ನಡೆದು, ಎದೆಯಿಂದ ಕಡ್ಡಿ ತಳ್ಳಿ ಒಳಗೆ ಹೋಯಿತು. ಎರಡು. ಮೂರು ಮತ್ತು ನಾಲ್ಕು ಒಟ್ಟಿಗೆ ನುಗ್ಗಿದವು. ಓಣಿಯ ಜನ ಜೋರಾಗಿ ಎಣಿಸತೊಡಗಿದರು. ಐದು! ಆರು! ಏಳು! ಆಮೇಲೆ ಯಾರೂ ಎಣಿಸಲಿಲ್ಲ. ಗಿಡುಗ ಬೆನ್ನು ಹತ್ತಿದ್ದು ಗೌಡತಿಯನ್ನು. ಸಿದ್ರಾಮನ ತಗಡಿನ ಸದ್ದಿಗೆ ಗಿಡುಗ ಒಂದಿಷ್ಟು ಹಿಂದೆ ಸರಿಯಿತು, ಗೌಡತಿ ಮೆಹಬೂಬಿಯ ಮನೆಯ ಮರೆಗೆ ಬಿತ್ತು, ಕಾಣದಾಯಿತು. ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ, ನೊರೆಯಿಂದ ಜಾರುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತೆವೋ. ಕೊನೆಗೆ ಒಗೆಯುವ ಕಲ್ಲಿನ ಕಡೆಯಿಂದ, ನೆಲಕ್ಕೆ ಹತ್ತಿರವಾಗಿ, ಬಲು ತಗ್ಗಿನಲ್ಲಿ ಹಾರಿ ಬಂದು, ಅಂಚು ದಾಟಿ, ಹಲಗೆಯ ಮೇಲೆ ಕೂತಿತು. ಬಾಲದಲ್ಲಿ ಎರಡು ಗರಿ ಇಲ್ಲ. ಎಂದಿನ ಸೊಕ್ಕಿನಲ್ಲಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಒಳಗೆ ನಡೆಯಿತು. ಕಡ್ಡಿಗಳು ಅದರ ಹಿಂದೆ ಟಿಣ್ ಎಂದು ಮುಚ್ಚಿದವು.

ಓಣಿಯ ಕೂಗಿಗೆ ಕಿವಿ ಕಿವುಡಾಯಿತು. ಕೆಳಗೆ ಬೀದಿಯಲ್ಲಿ ನಿಂತಿದ್ದ ಮಾನಪ್ಪ ಕಾಕಾ, "ಏನಾತು ತಂಗಿ? ಗೂಡು ಯಾಕ ತಿರುಗಿಸಿದಿ?" ಎಂದು ಒಂದೇ ಸಮನೆ ಕೇಳುತ್ತಿದ್ದರು. "ಮೊಳಿ ತಗೊಂಡು ಬರ್ರಿ ಕಾಕಾ," ಎಂದು ಅಂಚಿನಿಂದ ಬಗ್ಗಿ ಕೂಗಿದೆ. "ಅಲುಗದಂಗ ಮನಿಗೇ ಬಡೀರಿ ಇದನ್ನ." ಆ ಪಾಪದ ಮನುಷ್ಯ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತರು.

ಅತ್ತೆ ಗೂಡಿನ ಬಾಗಿಲಿಗೆ ಮುಖ ಇಟ್ಟು ಒಳಗೆ ನೋಡುತ್ತ, ಬೆರಳು ಮಡಚಿ ಇನ್ನೊಮ್ಮೆ ಎಂಟು ಎಣಿಸಿದರು. ನಾನು ಕಣ್ಣು ಮೂಗು ಒರೆಸಿಕೊಳ್ಳುತ್ತ ಅವರ ಹಿಂದೆ ನಿಂತೆ.

"ನಮ್ಮಪ್ಪನ ಪಾರಿವಾಳ, ನಮ್ಮಪ್ಪನ ಪಾರಿವಾಳ ಅಂತಿದ್ದೆಲ್ಲ," ಅಂದರು, ನನ್ನ ಕಡೆ ತಿರುಗದೆ, ಬೈಯುವ ಧಾಟಿಯಲ್ಲೇ. "ಇನ್ನ ಮ್ಯಾಲೆ ಹಂಗ ಅನ್ನಬ್ಯಾಡ. ಇವು ನಮ್ಮನಿವು."

ಬೇರೆ ಯಾರಾದರೂ ಆ ಮಾತು ಅಂದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. "ಹೂಂ ಅತ್ತಿ" ಅಂದೆ. ಅಂದು, ಅವುಗಳಿಗೆ ಕುಡಿಯಲು ನೀರು ತರಲು ಕೆಳಗಿಳಿದೆ.